ಫಕೀರವ್ವ ಕಾಯುವ ನೀರು

ಬೆಳಕು ಇನ್ನೂ ಹರಿದಿಲ್ಲ. ಕುಡಿಯುವ ನೀರಿನ ಕೆರೆಯ ಕಟ್ಟೆಯ ಮೇಲೆ ಫಕೀರವ್ವ ಕುಳಿತಿದ್ದಾಳೆ. ತಲೆಯ ಮೇಲೆ ಗೋಣಿತಾಟು, ಕೈಯಲ್ಲಿ ಕೋಲು. ಹೆಂಗಸರು ಚಪ್ಪಲಿಯನ್ನು ಮೇಲೆಯೇ ಬಿಟ್ಟು ಇಳಿಯುತ್ತಾರೆ. ಕಡೆಯ ಮೆಟ್ಟಿಲ ಮೇಲೆ ನಿಂತು, ನೀರಿಗೆ ಕಾಲು ತಾಗಿಸದೆ, ಬಾಗಿ ಕೊಡ ತುಂಬುತ್ತಾರೆ. ಇದು ಈ ಕೆರೆಯ ಕಟ್ಟಳೆ. ಅದನ್ನು ಕಾಯುವುದು ಅವಳ ಕೆಲಸ.

ತೀರಿಕೊಂಡ ನಮ್ಮ ಮನೆಯವರ ಮಣ್ಣಿಗೆ ಬಂದ ನೆಂಟರು ನಿನ್ನೆ ಸಂಜೆಯ ಬಸ್ಸಿಗೆ ಹೋದರು. ಇಷ್ಟು ದಿನ ಅಕ್ಕಪಕ್ಕದವರು ನೀರು ತಂದು ಕೊಟ್ಟರು. ಇವತ್ತು ಕೊಡ ಹಿಡಿದು ನಾನೇ ಬಂದಿದ್ದೇನೆ.

"ಬರ್ರಿ ಅಕ್ಕಾರ. ಹುಷಾರ ಇಳೀರಿ, ಮೆಟ್ಟಲಾ ಜಾರ್ತಾವ," ಅನ್ನುತ್ತಾಳೆ ಫಕೀರವ್ವ. ಸಮಾಧಾನದ ಮಾತು ಆಡುವುದಿಲ್ಲ. ನನಗೆ ಅದೇ ಬೇಕಾಗಿತ್ತು.

ನವಲಗುಂದದ ಈ ಎರೆ ನೆಲದಲ್ಲಿ ಬಾವಿ ತೋಡಿದರೆ ಉಪ್ಪು ನೀರು. ನಮ್ಮೂರಿಗೆ ಈ ಕೆರೆಯೊಂದೇ ಗತಿ. ಮಳೆ ನೀರು ತುಂಬಿಕೊಂಡರೆ ಮುಂದಿನ ಮಳೆಯ ತನಕ ಅದನ್ನೇ ಕುಡಿಯಬೇಕು. ಮೊದಲು ಇದನ್ನು ಕಾಯುತ್ತಿದ್ದವನು ಫಕೀರವ್ವನ ಗಂಡ ಅಮೋಘಸಿದ್ದಪ್ಪ. ಅವನು ತೀರಿದ ಮರುದಿನ ಅವಳು ಅವನ ಕೋಲು ಹಿಡಿದು ಬಂದು ಕುಳಿತಳು. ಯಾರೂ ಬೇಡ ಅನ್ನಲಿಲ್ಲ. ಸುಗ್ಗಿಯಲ್ಲಿ ಮನೆಮನೆಯವರು ಕೊಡುವ ಜೋಳವೇ ಸಂಬಳ.

ಕೆಲಸ ಕಲಿಸಿದವರು ಯಾರು ಎಂದರೆ ಗಂಡನ ಹೆಸರು ಹೇಳುವುದಿಲ್ಲ. "ಹೊನ್ನಪ್ಪರಿ," ಅನ್ನುತ್ತಾಳೆ.

ಹೊನ್ನಪ್ಪ ಈ ಊರಿನವನಲ್ಲ. ಯಾವ ಊರಿನವನೂ ಅಲ್ಲ. ಗುರುವಾರ ಸಂಜೆ ರೇಡಿಯೋದಲ್ಲಿ ಬರುವ ನಾಟಕದ ಅಂಬಿಗ, ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುವವನು. ಫಕೀರವ್ವ ಕಟ್ಟೆ ಬಿಟ್ಟು ಬರುವಂತಿಲ್ಲ. ಅದಕ್ಕೇ ನಮ್ಮ ಮನೆಯವರು, ಶಾಲೆಯ ಮಡಿವಾಳೆಪ್ಪ ಮಾಸ್ತರು, ಆ ಹೊತ್ತಿಗೆ ಟ್ರಾನ್ಸಿಸ್ಟರ್ ಹಿಡಿದು ಕಟ್ಟೆಗೆ ಹೋಗುತ್ತಿದ್ದರು.

"ಹೊನ್ನಪ್ಪ ಯಾರಿಗೂ ಬೈಯೂದಿಲ್ರಿ," ಅನ್ನುತ್ತಾಳೆ. "ಮಂದಿ ಹೆಚ್ಚಾತಂದ್ರ ಇಳೀರಿ ಅಂತಾನ. ಗೌಡಗೂ ಅದ ಮಾತು, ಕುರುಬಗೂ ಅದ ಮಾತು. ನಾ ಮೊದಲ ಭಾಳ ಬೈತಿದ್ನಿ. ಬೈದ್ರ ಮಂದಿ ಬೈಗಳಾ ನೆನಪಿಡ್ತಾರ, ಮಾತು ಮರೀತಾರ."

ನಮ್ಮ ಬಾಜೂ ಮನೆಯ ತಾಯವ್ವ ಕೊಡ ಎತ್ತುತ್ತ ನಗುತ್ತಾಳೆ. "ಹಿಂಗ ಅಂತಾಳ್ರಿ. ಮೊನ್ನಿ ನಮ್ಮ ಎಮ್ಮಿಗೆ ಏನೇನ ಬೈದ್ಲು ಕೇಳ್ರಿ."

"ನಿಮ್ಮ ಎಮ್ಮಿ ರೇಡಿಯೋ ಕೇಳೂದಿಲ್ಲ ಬೇ."

ದೀಪಾವಳಿಯ ಹೊತ್ತಿಗೆ ಊರ ಪಂಚರಲ್ಲಿ ಹಿರಿಯರಾದ ಈರಬಸಪ್ಪ, ಹತ್ತಿಗೆ ಔಷಧ ಹೊಡೆದ ಪಂಪನ್ನು ತೊಳೆಯಲು ಮೆಟ್ಟಿಲಿಗೆ ತಂದರು. ಹೊಸ ತಳಿಯ ಹತ್ತಿಯ ಜೊತೆಗೆ ಊರಿಗೆ ಬಂದ ಔಷಧ. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರ. ಫಕೀರವ್ವ ಬೈಯಲಿಲ್ಲ, ಮೆಟ್ಟಿಲಿಗೆ ಅಡ್ಡ ಕುಳಿತಳು. "ನಿಮ್ಮ ಮನಿ ಕೊಡಾನೂ ಇಲ್ಲೇ ತುಂಬತಾವ್ರಿ, ಅಪ್ಪಾರ," ಅಂದಳು. ಪಂಪು ಹಿಂದಕ್ಕೆ ಹೋಯಿತು. ಸಿಟ್ಟು ಹೋಗಲಿಲ್ಲ.

ಈಗ ಥಂಡಿ ಬಿದ್ದಿದೆ, ಫಕೀರವ್ವನಿಗೆ ಕೆಮ್ಮು. ಹೋದ ವಾರ ಒಂದು ನಸುಕಿನಲ್ಲಿ ಅವಳಿಗೆ ಏಳಲಾಗಲಿಲ್ಲ, ಯಾರದೋ ದನಗಳು ಕೆರೆಗೆ ಇಳಿದವು. ಇನ್ನೊಮ್ಮೆ ಹೀಗಾದರೆ ತಮ್ಮ ಆಳನ್ನು ಕಾವಲಿಗೆ ಇಡುವುದಾಗಿ ಈರಬಸಪ್ಪ ಹೇಳಿದ್ದಾರೆ. ಆ ಆಳು ಅವರ ಪಂಪಿಗೆ ಅಡ್ಡ ಕೂರುವುದಿಲ್ಲ ಎಂಬುದು ಕೊಡ ಹಿಡಿದು ಬರುವ ಎಲ್ಲರಿಗೂ ಗೊತ್ತಿದೆ.

"ಕಂಬಳಿ ಇಲ್ಲೇನ, ಫಕೀರವ್ವಾ?" ಎಂದು ಕೇಳುತ್ತೇನೆ.

"ಐತ್ರಿ," ಅನ್ನುತ್ತಾಳೆ, ಗೋಣಿತಾಟನ್ನು ಮುಂದಕ್ಕೆ ಎಳೆದುಕೊಳ್ಳುತ್ತ.

ಹಿಂದಿರುಗುವ ದಾರಿಯಲ್ಲಿ ತಾಯವ್ವ ಹೇಳುತ್ತಾಳೆ. "ಅದು ನಿಮ್ಮ ಮನ್ಯಾಗ ಐತ್ರಿ ಅಕ್ಕಾರ. ನಾಟಕ ಕೇಳೂ ಮುಂದ ಮಳಿ ಬಂತು. ಮಾಸ್ತರು ಅಗದಿ ತೊಯ್ದಿದ್ರು. ಈಕಿ ತನ್ನ ಕಂಬಳಿ ಹೊಚ್ಚಿ ಕಳಿಸಿದ್ಲು. ನಾಳೆ ಕೊಡ್ತೀನಿ ಅಂದಿದ್ರಂತ. ಆಮ್ಯಾಲೆ ಜ್ವರಾ ಬಂತಲ್ರಿ."

"ಕೇಳಬೇಕಿತ್ತಲ್ಲ."

"ನಾನೂ ಅಂದ್ನಿ. ಹೊಳಿ ದಂಡಿ ಮುಟ್ಟೂ ತನಕ ಕೊಟ್ಟದ್ದ ಹಿಂದ ಕೇಳಬಾರದು ಅಂತ ಹೊನ್ನಪ್ಪ ಹೇಳ್ಯಾನಂತ. ಹೊನ್ನಪ್ಪಗೇನ್ರಿ, ರೇಡಿಯೋದಾಗ ಥಂಡಿ ಹತ್ತತೈತೇನು?"

ಜ್ವರದ ಅಷ್ಟೂ ದಿನ ಅವರು ಆ ಕಂಬಳಿ ಹೊದ್ದೇ ಮಲಗಿದ್ದರು. ಅತ್ತೆಯ ಮನೆಯ ಹಳೆಯ ಕಂಬಳಿ ಅಂದುಕೊಂಡಿದ್ದೆ. ಮಣ್ಣಾದ ಮೇಲೆ ಹೆಂಗಸರು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಸೋಡಾ ಹಾಕಿದ ಕುದಿನೀರಿನಲ್ಲಿ ಒಗೆದರು. ಅದರ ಜೊತೆ ಇದನ್ನೂ ಒಗೆದರು. ಕಂಬಳಿಯನ್ನು ಹಾಗೆ ಒಗೆಯಬಾರದು. ಹುಣಸೆ ಬೀಜದ ಗಂಜಿ ಇದ್ದರಷ್ಟೇ ಅದು ಬಿರುಸಾಗಿ ನಿಂತು ಗಾಳಿ, ಮಂಜು ತಡೆಯುತ್ತದೆ. ಈಗ ಅದು ಹಳೆಯ ಸೀರೆಯಂತೆ ಜೋತು ಬಿದ್ದಿದೆ.

ತಾಯವ್ವ ಹೇಳಿಕೊಟ್ಟಂತೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಗಂಜಿ ಕಾಸುತ್ತೇನೆ. ಅಂಗಳದಲ್ಲಿ ಕಂಬಳಿ ಹಾಸಿ ಕುಂಚದಿಂದ ಸವರುತ್ತೇನೆ. ಅವರ ಮೈಯ ವಾಸನೆ ಅದರಲ್ಲಿ ಉಳಿದಿಲ್ಲ. ಬಿಸಿಲಿಗೆ ಒಣಗಲು ಬಿಟ್ಟು ಒಳಗೆ ಬರುತ್ತೇನೆ.

ಕಂಬಳಿ ಒಣಗಿದ ಮರುದಿನ ನಸುಕಿನಲ್ಲಿ ಅದನ್ನು ಕಟ್ಟೆಗೆ ಒಯ್ಯುತ್ತೇನೆ. ಫಕೀರವ್ವ ಕೆಮ್ಮುತ್ತ ಕುಳಿತಿದ್ದಾಳೆ.

"ಇವರು ತಂದಿದ್ದು. ತಡ ಆತು," ಅನ್ನುತ್ತೇನೆ. ಒಗೆದದ್ದನ್ನೂ ಹೇಳುತ್ತೇನೆ.

ಅವಳು ಮೊಣಕಾಲ ಮೇಲೆ ಕಂಬಳಿ ಹರಡುತ್ತಾಳೆ. ಯಾರದೋ ಕೊಡದಿಂದ ಬೊಗಸೆ ನೀರು ತೆಗೆದು ಅದರ ಮೇಲೆ ಚೆಲ್ಲುತ್ತಾಳೆ. ನೀರು ಹನಿಹನಿಯಾಗಿ ಉರುಳುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಹೀರಿಕೊಳ್ಳುತ್ತದೆ.

"ಇಲ್ಲಿ ಗಂಜಿ ಒಂದೀಟ ಕಮ್ಮಿ ಬಿದ್ದೈತ್ರಿ. ನಡೀತೈತಿ." ಆ ಮೂಲೆಯನ್ನು ಅಂಗೈಯಿಂದ ಒರಸುತ್ತ ಕೇಳುತ್ತಾಳೆ, "ಮಾಸ್ತರ ಕಾಲು ಬೆಚ್ಚಗಿದ್ವೇನ್ರಿ?"

"ಇದ್ವು."

"ಮತ್ತೇನ್ರಿ."

ಗೋಣಿತಾಟನ್ನು ಮಡಚಿ ಕೆಳಗೆ ಹಾಕಿ ಕೂರುತ್ತಾಳೆ. ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟುಕೊಂಡು ಕೋಲು ಎತ್ತಿಕೊಳ್ಳುತ್ತಾಳೆ.

"ಇನ್ನ ಈರಬಸಪ್ಪನೋರು ಎಷ್ಟೊತ್ತಿಗರ ಬಂದು ನೋಡ್ಲಿ," ಅನ್ನುತ್ತಾಳೆ. "ನಾ ಇಲ್ಲೇ ಇರ್ತೀನಿ."