ಸಿದ್ದಗಂಗಮ್ಮನ ಬೀಜದವರೆ

ಕೋಣನಕುಂಟೆಯಲ್ಲಿ ಸಿದ್ದಗಂಗಮ್ಮನಿಗೆ ಉಳಿದಿದ್ದ ಹೊಲವೆಂದರೆ ಮೂವತ್ತು ನಲವತ್ತರ ಒಂದು ಸೈಟು. ಎರಡು ಬಾಡಿಗೆ ಕಟ್ಟಡಗಳ ನಡುವೆ ಸಿಕ್ಕಿಕೊಂಡ ಆ ಜಾಗಕ್ಕೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಮಾತ್ರ ಬಿಸಿಲು. ಮಿಕ್ಕ ನೆಲ ಗಂಡ ಪಿಳ್ಳಪ್ಪ ಬದುಕಿದ್ದಾಗಲೇ ಲೇಔಟಾಗಿತ್ತು. ಅದಕ್ಕಾಗಿ ಅವಳೇನೂ ಕೊರಗುತ್ತಿರಲಿಲ್ಲ. ಮಗ ಕೆಂಪರಾಜು, ಸೊಸೆ ಚೈತ್ರ ಜೊತೆಗಿದ್ದರು, ಬಾಡಿಗೆ ಬರುತ್ತಿತ್ತು, ಮಂಡಿನೋವಿಗೆ ಡಾಕ್ಟರು ಎರಡೇ ಬೀದಿ ಆಚೆ. ಆದರೆ ಅತ್ತೆ ಕೊಟ್ಟಿದ್ದ ಅವರೆಯ ಬೀಜವನ್ನು ಮಾತ್ರ ಅವಳು ಕೈಬಿಟ್ಟಿರಲಿಲ್ಲ.

ಅದು ಸೊಗಡಿನ ಅವರೆ. ಕಾಳು ಚಿಕ್ಕದು, ಬಳ್ಳಿಗೆ ಕಾಯಿ ಕಡಿಮೆ. ಆದರೆ ಕಾಯಿ ಸುಲಿದ ಬೆರಳಿನ ಜಿಡ್ಡು ಎರಡು ದಿನ ಸೋಪಿಗೂ ಹೋಗದು. ಸಾರು ಕುದಿಯಲಿಟ್ಟರೆ ಮೂರನೇ ಮಹಡಿಯವರು ಇಣುಕಿ ನೋಡುತ್ತಿದ್ದರು. ಪ್ರತಿ ಶ್ರಾವಣಕ್ಕೆ ಬಿತ್ತುವುದು, ಸಂಕ್ರಾಂತಿ ಕಳೆದ ಮೇಲೆ ಒಣಗಿದ ಕಾಯಿ ಬಡಿದು ಬೀಜಕ್ಕೆ ಎತ್ತಿಡುವುದು, ಹೀಗೆ ನಲವತ್ತಾರು ವರ್ಷ ನಡೆದಿತ್ತು.

ಮೊದಲೆಲ್ಲ ಬೀಜ ಕಾಯುವುದು ಕಷ್ಟವಾಗಿರಲಿಲ್ಲ. ಒಲೆಯ ಬೂದಿ ಬೆರೆಸಿ ಮಡಕೆಗೆ ತುಂಬಿ ಬಾಯಿ ಮೆತ್ತಿದರೆ ಮುಗಿಯಿತು. ಗ್ಯಾಸು ಬಂದ ಮೇಲೂ ಹಿತ್ತಲಿನ ನೀರೊಲೆ ಬೂದಿ ಕೊಡುತ್ತಿತ್ತು. ಎರಡು ವರ್ಷದ ಹಿಂದೆ ಸೋಲಾರ್ ಹಾಕಿಸಿದಾಗ ಆ ಒಲೆಯೂ ಹೋಯಿತು. ಆ ಸಲ ಸಿದ್ದಗಂಗಮ್ಮ ನಾಲ್ಕು ಸೇರು ಬೀಜವನ್ನು ಹಾಗೆಯೇ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು ಮುಚ್ಚಳ ಬಿಗಿದಳು.

ಜೂನ್ ಮೊದಲ ವಾರದಲ್ಲಿ ಮುಚ್ಚಳ ತೆಗೆದರೆ ಒಳಗಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಹೊಡೆಯಿತು. ಕೈ ಹಾಕಿದಳು. ಹಿಟ್ಟು. ಹಿಟ್ಟಿನ ತುಂಬ ಹರಿದಾಡುವ ಕಂದು ಕುಟ್ಟೆ ಹುಳು. ಎತ್ತಿದ ಕಾಳಿಗೆಲ್ಲ ಸೂಜಿಯಲ್ಲಿ ಕೊರೆದಂಥ ದುಂಡನೆಯ ತೂತು. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೇರೆ ಯಾರ ಮನೆಯಲ್ಲಾದರೂ ಈ ಬೀಜ ಇರಬಹುದೇ ಎಂದು ಯೋಚಿಸಿದಳು. ಯಾರ ಹೆಸರೂ ಹೊಳೆಯಲಿಲ್ಲ.

ಕೆಂಪರಾಜು ಸಂಜೆಗೆ ಒಂದು ಪೊಟ್ಟಣ ತಂದ. "ಅಮ್ಮ, ಇದು ಗೋಡೌನ್‌ನಲ್ಲಿ ಇಡೋ ಮಾತ್ರೆ. ಎರಡು ಹಾಕಿ ಮುಚ್ಚಿಟ್ರೆ ಒಂದು ಹುಳಾನೂ ಉಳಿಯಲ್ವಂತೆ."

ಆಗ ಕೆಳಮನೆಯಲ್ಲಿ ಬಾಡಿಗೆಗಿದ್ದ ಶ್ರೀದೇವಿ ಅಲ್ಲೇ ಇದ್ದಳು. ಕಡೂರು ಕಡೆಯವಳು, ಜರಗನಹಳ್ಳಿಯ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಪರಿಮಳದ ಎಣ್ಣೆ ಬೆರೆಸುವ ಕೆಲಸ. ಒಳ್ಳೆಯ ಕಾಳು ಆರಿಸಲು ಸಿದ್ದಗಂಗಮ್ಮನಿಗೆ ಕೈಜೋಡಿಸಿದ್ದಳು. ಪೊಟ್ಟಣದ ಮೇಲಿನ ಅಕ್ಷರ ಓದಿ ಅವಳು ಎದ್ದೇ ನಿಂತಳು.

"ಅಣ್ಣ, ಇದನ್ನ ಬಿಚ್ಚಲೇಬೇಡಿ. ಗಾಳಿ ತಾಕಿದ್ರೆ ವಿಷದ ಗ್ಯಾಸ್ ಬಿಡುತ್ತೆ. ನಮ್ಮ ಗೋಡೌನ್‌ಗೆ ಇದನ್ನ ಇಡೋಕೆ ಲೈಸೆನ್ಸ್ ಇರೋರೇ ಬರ್ಬೇಕು. ನಾಲ್ಕೈದು ದಿನ ಯಾರನ್ನೂ ಒಳಗೆ ಬಿಡಲ್ಲ. ಇಲ್ಲಿ ಕೆಳಗಡೆ ಮಕ್ಕಳು ಮಲಗ್ತಾರೆ."

ಕೆಂಪರಾಜು ಪೊಟ್ಟಣವನ್ನು ತನ್ನಿಂದ ದೂರ ಹಿಡಿದುಕೊಂಡ. "ಅಂಗಡಿಯವ್ನು ಏನೂ ಹೇಳ್ಲೇ ಇಲ್ವಲ್ಲ!" ಎಂದವನೇ ಚಪ್ಪಲಿ ಮೆಟ್ಟಿ, ಅದನ್ನು ಕೊಟ್ಟವನಿಗೇ ಹಿಂತಿರುಗಿಸಲು ಹೊರಟ.

ಆರಿಸಿ ಮುಗಿಸಿದಾಗ ತೂತಿಲ್ಲದ ಕಾಳು ಸಿಕ್ಕಿದ್ದು ಎರಡು ಪಾವು. ಅದರ ಮೇಲೂ ಅಲ್ಲಲ್ಲಿ ಬಿಳಿ ಚುಕ್ಕೆ. ಅದು ಮೊಟ್ಟೆಯೆಂದು ಸಿದ್ದಗಂಗಮ್ಮನಿಗೆ ಗೊತ್ತಿತ್ತು.

"ಅಮ್ಮ," ಶ್ರೀದೇವಿ ಯೋಚಿಸುತ್ತ ಹೇಳಿದಳು, "ನಮ್ಮ ಎಣ್ಣೆ ರೂಮಲ್ಲಿ ಒಂದು ಇರುವೆ ಕೂಡ ಬರಲ್ಲ. ಸ್ವಲ್ಪ ತಂದು ನೋಡೋಣ್ವಾ? ಮೇಸ್ತ್ರಿ ಹತ್ರ ಕೇಳಿ ತರ್ತೀನಿ."

ಮಾರನೆಯ ದಿನ ಬೆರಳುದ್ದದ ಎರಡು ಸೀಸೆ ಬಂದವು. ಒಂದರಲ್ಲಿ ಲವಂಗದ ಎಣ್ಣೆ, ಇನ್ನೊಂದರಲ್ಲಿ ನಿಂಬೆವಾಸನೆಯ ಮಜ್ಜಿಗೆಹುಲ್ಲಿನದು. ಸಿದ್ದಗಂಗಮ್ಮ ಚೈತ್ರಳ ಖಾಲಿ ಜಾಮ್ ಬಾಟಲಿಗಳನ್ನು ಸಾಲಾಗಿಟ್ಟಳು. ಅವಳ ಬುದ್ಧಿ ಅಡುಗೆಮನೆಯದು. ಒಂದೇ ಸಲ ಎಲ್ಲವನ್ನೂ ಪಾತ್ರೆಗೆ ಸುರಿಯುವವಳಲ್ಲ. ಪ್ರತಿ ಬಾಟಲಿಗೆ ಒಂದು ಹಿಡಿ ಕಾಳು, ಹತ್ತು ಜೀವಂತ ಹುಳು. ಮೊದಲನೆಯದಕ್ಕೆ ಲವಂಗದ ಎಣ್ಣೆ ಎರಡು ತೊಟ್ಟು ಬಿಟ್ಟು ಕಾಳಿನ ಸಮೇತ ಕುಲುಕಿದಳು. ಎರಡನೆಯದರಲ್ಲಿ ಮಜ್ಜಿಗೆಹುಲ್ಲಿನ ಎಣ್ಣೆ ಅದ್ದಿದ ಹತ್ತಿಯನ್ನು ಕಾಳಿಗೆ ತಾಕದಂತೆ ಮುಚ್ಚಳಕ್ಕೆ ದಾರದಲ್ಲಿ ತೂಗುಬಿಟ್ಟಳು. ಮೂರನೆಯದಕ್ಕೆ ಎಣ್ಣೆ ಹಾಕಲಿಲ್ಲ, ಸುಮ್ಮನೆ ಹೋಲಿಸಿ ನೋಡಲು.

ಮರುದಿನ ಬೆಳಿಗ್ಗೆ ಲವಂಗದ ಬಾಟಲಿಯಲ್ಲಿ ಹತ್ತೂ ಹುಳು ಮಕಾಡೆ ಬಿದ್ದಿದ್ದವು. ಹತ್ತಿ ತೂಗಿದ್ದರಲ್ಲಿ ಎಲ್ಲ ಸಾಯಲು ಮೂರು ದಿನ ಬೇಕಾಯಿತು. ಎಣ್ಣೆ ಹಾಕದ ಬಾಟಲಿಯ ಹುಳುಗಳು ಆರಾಮವಾಗಿ ಕಾಳಿಗೆಲ್ಲ ಹೊಸ ಚುಕ್ಕೆ ಇಟ್ಟಿದ್ದವು. ಸಿದ್ದಗಂಗಮ್ಮ ಉತ್ಸಾಹದಲ್ಲಿ ಮಿಕ್ಕ ಬೀಜವನ್ನೂ ಎರಡು ಗಾಜಿನ ಭರಣಿಗೆ ಹಾಕಿ, ಒಂದಕ್ಕೆ ಲವಂಗದ ತೊಟ್ಟು, ಇನ್ನೊಂದಕ್ಕೆ ಮಜ್ಜಿಗೆಹುಲ್ಲಿನ ಹತ್ತಿ ಎಂದು ಮುಗಿಸಿದಳು.

ಇಪ್ಪತ್ತು ದಿನ ಕಳೆದು ನೋಡಿದರೆ ಹತ್ತಿ ತೂಗಿದ ಭರಣಿಯಲ್ಲಿ ಐದಾರು ಹುಳು ಓಡಾಡುತ್ತಿದ್ದವು.

"ಎಲ್ಲಾ ಸುಳ್ಳು ಕಣಮ್ಮ," ಎಂದಳು, ಕೆಲಸ ಮುಗಿಸಿ ಬಂದ ಶ್ರೀದೇವಿಗೆ. "ಸತ್ತೋವು ಅಂದ್ಕೊಂಡೆ. ಎದ್ದು ಬಂದಿದಾವೆ."

ಶ್ರೀದೇವಿ ಹತ್ತಿಯನ್ನು ತೆಗೆದು ಮೂಗಿನ ಹತ್ತಿರ ಹಿಡಿದಳು. ದಿನವಿಡೀ ವಾಸನೆಯನ್ನೇ ಅಳೆಯುವ ಮೂಗು. "ಇದ್ರಲ್ಲಿ ಏನೂ ಉಳಿದಿಲ್ಲಮ್ಮ. ಎಣ್ಣೆ ಪೂರ್ತಿ ಹಾರಿಹೋಗಿದೆ."

ಸಿದ್ದಗಂಗಮ್ಮ ಒಂದು ಕಾಳನ್ನು ಹಲ್ಲಿನಲ್ಲಿ ಒಡೆದು ನೋಡಿದಳು. ಒಳಗೆ ಬೆಳ್ಳಗೆ ಮುದುರಿಕೊಂಡಿದ್ದ ಮರಿಹುಳು. ಆಗ ವಿಷಯ ಅರ್ಥವಾಯಿತು. ಸತ್ತವು ಸತ್ತೇ ಇದ್ದವು. ಇವು ಕಾಳಿನ ಹೊಟ್ಟೆಯಲ್ಲಿ ಮೊದಲೇ ಇದ್ದವು. ಅಲ್ಲಿಗೆ ವಾಸನೆ ಹೋಗದು. ಹೊರಗೆ ಬಂದ ಹುಳು ಮತ್ತೆ ಮೊಟ್ಟೆ ಇಡುವ ಮೊದಲು ಸಾಯಬೇಕು, ಅಷ್ಟೇ. ಅದಕ್ಕೆ ಹತ್ತಿ ಸದಾ ಹಸಿಯಾಗಿರಬೇಕು.

ಅಂದಿನಿಂದ ವಾರಕ್ಕೊಮ್ಮೆ, ಸೋಮವಾರ, ಹತ್ತಿ ಬದಲಾಯಿಸಿದಳು. ಬಂದ ಹುಳು ಬಂದಂತೆ ಸತ್ತವು. ಜರಡಿ ಹಿಡಿದು ತೂತು ಬಿದ್ದ ಕಾಳು ತೆಗೆದಳು. ಮೊದಲ ವಾರ ಮೂವತ್ತು ಹುಳು, ಆಮೇಲೆ ಹನ್ನೆರಡು, ಆಮೇಲೆ ಎರಡು. ಜುಲೈ ಕೊನೆಗೆ ಒಂದೂ ಇಲ್ಲ.

ಲವಂಗದ ಭರಣಿಯಲ್ಲಿ ಒಂದು ಜೀವಂತ ಹುಳವೂ ಕಂಡಿರಲಿಲ್ಲ. ಹಾಗಾಗಿ ಅದರ ಮೇಲೆ ಅವಳಿಗೆ ಹೆಚ್ಚು ನಂಬಿಕೆ. ಆದರೂ ಬಿತ್ತುವ ಮೊದಲು ಎರಡರಿಂದಲೂ ಇಪ್ಪತ್ತಿಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ನಾಲ್ಕನೇ ದಿನ ಬಿಚ್ಚಿದಾಗ ಹತ್ತಿ ತೂಗಿದ್ದರಲ್ಲಿ ಹದಿನೇಳು ಮೊಳೆತಿದ್ದವು. ಎಣ್ಣೆ ಮೈಗೆ ಹತ್ತಿಸಿಕೊಂಡಿದ್ದ ಲವಂಗದ ಬೀಜದಲ್ಲಿ ಮೊಳೆತದ್ದು ನಾಲ್ಕೇ.

"ಹುಳಾನೂ ಸಾಯ್ಸಿ ಬೀಜಾನೂ ಸಾಯ್ಸ್‌ಬಿಟ್ಟೆನಲ್ಲೇ," ಎಂದು ಚೈತ್ರಳ ಮುಂದೆ ಪೇಚಾಡಿಕೊಂಡಳು.

"ಅರ್ಧ ಉಳೀತಲ್ಲ ಅತ್ತೆ. ಜೂನ್‌ನಲ್ಲಿ ಒಂದು ಕಾಳೂ ಇಲ್ಲ ಅಂತ ಅಳ್ತಾ ಕೂತಿದ್ರಿ," ಎಂದಳು ಚೈತ್ರ.

ಶ್ರಾವಣದ ಮೊದಲ ವಾರ ಸೈಟಿಗೆ ಬೀಜ ಬಿತ್ತು. ಸಾಲು ಮುಂಚಿಗಿಂತ ಕಡಿಮೆ. ಮೊಳಕೆ ಎದ್ದು, ಬಳ್ಳಿ ಹಬ್ಬಿ, ನವೆಂಬರಿನಲ್ಲಿ ಹೂ ಕಂಡಿತು. ಆದರೂ ಸಿದ್ದಗಂಗಮ್ಮನಿಗೆ ಒಳಗೊಳಗೇ ಒಂದು ಅಳುಕು. ಎರಡು ತಿಂಗಳು ಆ ಘಾಟು ಕುಡಿದ ಬೀಜ. ಇದರ ಕಾಯಿಗೆ ಸೊಗಡು ಬರುತ್ತದೆಯೇ, ಇಲ್ಲ ಮಜ್ಜಿಗೆಹುಲ್ಲಿನ ವಾಸನೆ ಹೊಡೆಯುತ್ತದೆಯೇ? ಕಲಿತವರು ಕೇಳಿದರೆ ನಗುವಂಥ ಭಯವೆಂದು ಅದನ್ನು ಯಾರಿಗೂ ಹೇಳಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಮೊದಲ ಕುಯ್ಲು. ಕಾಯನ್ನು ತಾನು ಮೂಸದೆ, ಸೆರಗಿನಲ್ಲಿ ತುಂಬಿಕೊಂಡು ನೇರ ಕೆಳಮನೆಗೆ ಹೋದಳು.

"ನಿನ್ನ ಮೂಗು ನಂಬ್ತೀನಿ. ನಿಜ ಹೇಳು."

ಶ್ರೀದೇವಿ ಒಂದು ಕಾಯನ್ನು ಬೆರಳ ನಡುವೆ ಉಜ್ಜಿ, ಕಣ್ಣು ಮುಚ್ಚಿ ಮೂಸಿದಳು. ಇನ್ನೊಂದನ್ನು ತೆಗೆದುಕೊಂಡಳು. ಮೂರನೆಯದನ್ನೂ ನೋಡಿದಳು.

"ಬರೀ ಅವರೆಕಾಯಿ ವಾಸನೆ ಅಮ್ಮ. ನಮ್ಮ ಕಾರ್ಖಾನೇಲಿ ಈ ಪರಿಮಳ ಮಾಡೋಕೆ ಯಾರಿಗೂ ಬರಲ್ಲ."

ಸಿದ್ದಗಂಗಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತು ಕಾಯಿ ಸುಲಿದಳು. ಆ ದಿನ ಸಾರು ಎರಡೂ ಮನೆಗೆ ಒಂದೇ ಪಾತ್ರೆಯಲ್ಲಿ ಕುದಿಯಿತು.

ಬೀಜವನ್ನು ಒಂದೇ ಮನೆಯಲ್ಲಿ ಇಟ್ಟದ್ದು ತನ್ನ ತಪ್ಪೆಂದು ಅವಳಿಗೆ ಮನವರಿಕೆಯಾಗಿತ್ತು. ಫೆಬ್ರವರಿಯಲ್ಲಿ ಹೊಸ ಬೀಜ ಬಂದಾಗ ಹನ್ನೊಂದು ಪುಟ್ಟ ಬಾಟಲಿ ತುಂಬಿದಳು. ಪ್ರತಿಯೊಂದರ ಮುಚ್ಚಳಕ್ಕೂ ಒಂದು ತುಣುಕು ಹತ್ತಿ. ತಾರಸಿಯಲ್ಲಿ ಗಿಡ ಬೆಳೆಸುವವರಿಗೆ, ತಿಲಕ್ ನಗರದ ತಂಗಿ ಮನೆಗೆ, ಶ್ರೀದೇವಿಯ ಮೂಲಕ ಕಡೂರಿನ ಅವಳ ತವರಿಗೆ ಹಂಚಿದಳು. "ಎಣ್ಣೆ ಕಾಳಿಗೆ ತಾಕಿಸ್ಬೇಡಿ. ಮಕ್ಕಳ ಕೈಗೆ ಸಿಗೋ ಹಾಗೆ ಇಡ್ಬೇಡಿ. ಇದು ಬಿತ್ತೋಕೆ, ತಿನ್ನೋಕಲ್ಲ. ವಾಸನೆ ಕಮ್ಮಿ ಆದ್ರೆ ಹತ್ತಿ ಬದಲಾಯ್ಸಿ," ಎಂದು ಒಬ್ಬೊಬ್ಬರಿಗೂ ಹೇಳಿದಳು.

ಆಗಸ್ಟಿನಲ್ಲಿ ಜೆ.ಪಿ. ನಗರದಿಂದ ಅರ್ಪಿತ ಎಂಬ ಹುಡುಗಿಯ ಫೋನು ಬಂತು. ಬಾಟಲಿ ಒಯ್ದವರಲ್ಲಿ ಅವಳೂ ಒಬ್ಬಳು.

"ಅಜ್ಜಿ, ಎಲ್ಲಾ ಮೊಳಕೆ ಬಂದಿದೆ! ಮೇಲೆ ಹಬ್ಬೋಕೆ ನೋಡ್ತಿದೆ, ನನ್ನ ಹತ್ರ ಚಪ್ಪರಾನೇ ಇಲ್ಲ. ಈಗೇನು ಮಾಡ್ಲಿ?"

"ಏನೂ ಮಾಡ್ಬೇಡ, ಮುಟ್ಬೇಡ. ನಾನೇ ಬರ್ತೀನಿ," ಎಂದು ಸಿದ್ದಗಂಗಮ್ಮ ಗೋಣಿದಾರದ ಉಂಡೆಯೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ನಡೆದಳು.