ಎಂಜಲು ಕೊಟ್ಟು ಹೋದವರು

ಸತ್ತವರು ಕಾಣಿಸಿಕೊಂಡ ಕಥೆಗಳನ್ನು ನಾನು ನಂಬಿದವನಲ್ಲ. ನಂಬದಿರುವುದು ನನ್ನ ಸ್ವಭಾವ ಮಾತ್ರವಲ್ಲ, ಸಂಬಳದ ಕೆಲಸವೂ ಆಗಿತ್ತು. ದುಬೈಯ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಬೇರೆಯವರ ವರದಿಗಳನ್ನು ತಿದ್ದುತ್ತ ವರ್ಷಗಳನ್ನು ಕಳೆದವನು ನಾನು. ಯಾರು ಹೇಳಿದರು, ಯಾವಾಗ ನಡೆಯಿತು, ಇನ್ನೊಬ್ಬರು ಅದನ್ನು ನೋಡಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಸಾಲನ್ನು ಅಳಿಸಿಬಿಡುವುದು ಅಲ್ಲಿನ ಶಿಸ್ತು. ಗೆಳೆಯರು ತಮ್ಮ ಅಜ್ಜಿಗಾದ ಅನುಭವ, ಮಾವನಿಗಾದ ಅನುಭವ ಎಂದು ಶುರು ಮಾಡಿದರೆ ನಾನು ಮೊದಲ ಪ್ರಶ್ನೆಯಲ್ಲೇ ಅವರ ಉತ್ಸಾಹ ಕೆಡಿಸುತ್ತಿದ್ದೆ. ಈಗ ಬರೆಯುತ್ತಿರುವುದು ನನಗೇ ಆದದ್ದು. ಆ ಪ್ರಶ್ನೆಗಳಿಗೆಲ್ಲ ಇದರಲ್ಲಿ ಉತ್ತರವಿದೆ. ಆದರೂ ವರದಿ ನಿಲ್ಲುವುದಿಲ್ಲ, ಅಳಿಸಲೂ ಆಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆ ಡಿಎನ್‌ಎ ಪರೀಕ್ಷೆಯ ಬಗ್ಗೆ ಒಂದು ವಿಶೇಷ ಪುಟ ಮಾಡಲು ಹೊರಟಿತ್ತು. ಚಿಕ್ಕದೊಂದು ನಳಿಕೆಗೆ ಎಂಜಲು ಉಗುಳಿ ಕಳುಹಿಸಿದರೆ ಹೊರದೇಶದ ಪ್ರಯೋಗಾಲಯ ಅದನ್ನು ಓದಿ ಒಂದು ಜಾಲತಾಣಕ್ಕೆ ಸೇರಿಸುತ್ತದೆ. ನಿಮ್ಮ ರಕ್ತಸಂಬಂಧಿಗಳು ಯಾರಾದರೂ ಅದೇ ತಾಣದಲ್ಲಿದ್ದರೆ ಅವರ ಹೆಸರು ನಿಮಗೂ ನಿಮ್ಮ ಹೆಸರು ಅವರಿಗೂ ಕಾಣುತ್ತದೆ. ಚಳಿಗಾಲದ ಒಂದು ಶನಿವಾರ ದುಬೈಯ ಶಾಲೆಯೊಂದರಲ್ಲಿ ಕನ್ನಡಿಗರ ಕುಟುಂಬ ಕೂಟವಿತ್ತು. ಒಳಗೆ ಮಕ್ಕಳ ನೃತ್ಯ, ಅಂಗಳದಲ್ಲಿ ಊಟ. ನಡುವಿನ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ನಾನೂ ನಮ್ಮ ವರದಿಗಾರ್ತಿ ನಸೀಮಾಳೂ ಕೂತಿದ್ದೆವು.

ನಸೀಮಾ ಉಳ್ಳಾಲದವಳು. ಮೈಸೂರಿನ ನನಗೆ ಬಾರದ ಸಲುಗೆ ಅವಳಿಗೆ ಎಲ್ಲರ ಜೊತೆಗೂ ಸಲೀಸು. "ಬನ್ನಿ ಬನ್ನಿ, ರಸ್ತೆಯಲ್ಲಿ ಉಗುಳಿದ್ರೆ ದಂಡ, ಇಲ್ಲಿ ಉಗುಳಿದ್ರೆ ಫ್ರೀ!" ಎಂದು ಅವಳು ಕೂಗುತ್ತಿದ್ದರೆ ಜನ ನಗುತ್ತ ಬರುತ್ತಿದ್ದರು.

ಊಟದ ಹೊತ್ತಿಗೆ ಒಬ್ಬರು ಬಂದು ನಿಂತರು. ಐವತ್ತರ ಆಸುಪಾಸು, ಸಪೂರ ಮೈ, ತುಂಬುತೋಳಿನ ಅಂಗಿ. ಕೈಯಲ್ಲಿ ಚಹಾದ ಕಾಗದದ ಲೋಟವಿತ್ತು. ಪರೀಕ್ಷೆಗೆ ಮುಂಚೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂಬ ನಿಯಮವಿದೆ.

"ಚಾ ಕುಡಿದ್ರಾ ಅಣ್ಣ?" ಎಂದು ನಸೀಮಾ ಕೇಳಿದಳು.

"ಒಂದು ಗುಟುಕು."

"ಹಾಗಾದ್ರೆ ಅರ್ಧ ಗಂಟೆ ಕೂರ್ಬೇಕಲ್ಲ ಮಾರಾಯ್ರೆ. ಎಂತದೂ ಬಾಯಿಗೆ ಹಾಕುವ ಹಾಗಿಲ್ಲ."

"ಕೂರ್ತೇನೆ. ನನಗೆಂತ ಅವಸರ."

ಲೋಟವನ್ನು ಮೇಜಿನ ಮೂಲೆಯಲ್ಲಿಟ್ಟು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಅವರು ಕುಡಿದದ್ದನ್ನು ನಾನು ನೋಡಲಿಲ್ಲ, ಅವರ ಮಾತನ್ನಷ್ಟೇ ಕೇಳಿದೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಹೆಸರು ದಿನಕರ ಎಂದರು. ಊರು ಮುಲ್ಕಿಯ ಹತ್ತಿರ. ಈಗ ಇರುವುದು ಅಬುಧಾಬಿಯ ಬನಿಯಾಸ್ ಕಡೆ. ಅಷ್ಟು ದೂರದಿಂದ ಬಂದಿರಾ ಎಂದದ್ದಕ್ಕೆ "ಬಂದೆ ಸರ್" ಎಂದಷ್ಟೇ ಹೇಳಿದರು. ಸ್ವಲ್ಪ ಹೊತ್ತು ಒಳಗಿನ ಹಾಡನ್ನು ಕೇಳಿಸಿಕೊಂಡು ಕೂತಿದ್ದು, ಆಮೇಲೆ ಕೇಳಿದರು.

"ಇದನ್ನು ಕೊಟ್ರೆ ಊರಿನವ್ರಿಗೆ ಗೊತ್ತಾಗ್ತದಾ ಸರ್?"

ಸಂಬಂಧಿಕರಲ್ಲಿ ಯಾರಾದರೂ ಕೊಟ್ಟಿದ್ದರೆ ಗೊತ್ತಾಗುತ್ತದೆ ಎಂದೆ.

"ಅಕ್ಕನ ಮಗಳೊಬ್ಬಳು ಉಂಟು. ಕಲಿತವಳು. ಅವಳು ಕೊಟ್ಟಿರ್ಲಿಕ್ಕೂ ಸಾಕು."

"ಅಕ್ಕನಿಗೆ ಒಂದು ಫೋನ್ ಮಾಡಬಹುದಲ್ಲ?"

"ಫೋನಿಲ್ಲ ಸರ್."

ಅದರಲ್ಲಿ ದೂರು ಇರಲಿಲ್ಲ. ವೀಸಾ ಮುಗಿದು, ಪಾಸ್‌ಪೋರ್ಟ್ ಕಳೆದು, ಬರಿಗೈಯಲ್ಲಿ ಊರಿಗೆ ಮುಖ ತೋರಿಸಲಾರದೆ ಉಳಿದುಬಿಟ್ಟವರು ಈ ದೇಶದಲ್ಲಿ ಹೊಸಬರೇನಲ್ಲ. ನಾನು ಮುಂದೆ ಕೇಳಲಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ನಳಿಕೆ ಕೊಟ್ಟೆವು. ಉಳಿದವರು ಚಿಟಿಕೆ ಹೊಡೆಯುವಷ್ಟರಲ್ಲಿ ತುಂಬಿಸುತ್ತಿದ್ದುದನ್ನು ಇವರಿಗೆ ತುಂಬಿಸಲು ಆಗಲಿಲ್ಲ. ಬಾಯಿ ಒಣಗಿತ್ತು. ಕೆನ್ನೆ ಉಜ್ಜಿಕೊಂಡರು, ಕಣ್ಣು ಮುಚ್ಚಿಕೊಂಡರು.

"ಅಮಟೆಕಾಯಿ ಉಪ್ಪಿನಕಾಯಿ ನೆನಪು ಮಾಡಿ ಅಣ್ಣ, ನೀರು ಬರ್ತದೆ ನೋಡಿ!"

"ನೆನಪುಂಟು ಮಾರಾಯ್ತಿ. ಬಾಯಿಗೆ ಮಾತ್ರ ಬರುವುದಿಲ್ಲ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು. ಕೊನೆಗೆ ಬಹಳ ಹೊತ್ತಿನ ಮೇಲೆ ಗೆರೆಯವರೆಗೆ ತುಂಬಿತು. ಮುಚ್ಚಳ ತಿರುಗಿಸಿ, ಅಲ್ಲಾಡಿಸಿ, ಚೀಟಿ ಅಂಟಿಸಿದವನು ನಾನೇ. ಇಮೇಲ್ ಇಲ್ಲದವರನ್ನು ನನ್ನ ಕಚೇರಿಯ ವಿಳಾಸದಲ್ಲಿ ನೋಂದಾಯಿಸುತ್ತಿದ್ದೆವು. ಇವರನ್ನೂ ಹಾಗೆಯೇ ಮಾಡಿದೆ. ಫಲಿತಾಂಶ ಕೇಳಲು ಬರುತ್ತೇನೆ ಎಂದು ಎದ್ದರು.

"ಊಟ ಮಾಡಿ ಹೋಗಿ ಅಣ್ಣ, ನೀರುದೋಸೆ ಕೋಳಿಸಾರು ಉಂಟು" ಎಂದಳು ನಸೀಮಾ.

"ನೀರುದೋಸೆ ಅಕ್ಕ ಬಡಿಸಿದ್ದೇ ಆಗ್ಬೇಕು ನನಗೆ. ಬೇರೆಯವರದ್ದು ಇಳಿಯುವುದಿಲ್ಲ."

ಹೀಗೆಂದು ಅವರು ಊಟದ ಅಂಗಳ ದಾಟಿ ಗೇಟಿನ ಕಡೆ ಹೋದರು. ಚಹಾದ ಲೋಟ ಮೇಜಿನ ಮೇಲೆಯೇ ಉಳಿದಿತ್ತು. ಸಂಜೆ ಅದನ್ನು ಎಸೆದವಳು ನಸೀಮಾ. ತುಂಬಿತ್ತೋ ಇಲ್ಲವೋ ಎಂಬುದು ಅವಳಿಗೆ ನೆನಪಿಲ್ಲ.

ಕೆಲವು ವಾರಗಳ ನಂತರ ಫಲಿತಾಂಶಗಳು ಬಂದವು. ದಿನಕರ ಬರಲಿಲ್ಲ. ಬದಲಿಗೆ, ನಾನು ತೆರೆದ ಅವರ ಖಾತೆಗೆ ಜಾಲತಾಣದ ಮೂಲಕ ಒಂದು ಸಂದೇಶ ಬಂತು. ಅವರಿಗೆ ಬರೆದದ್ದನ್ನು ನಾನು ಓದಬೇಕಾಯಿತು. "ನೀವು ದಿನಕರ ಮಾಮ ಅಲ್ವಾ? ನಾನು ನಿಮ್ಮ ಅಕ್ಕನ ಮಗಳು ಸುಪ್ರೀತಾ. ಅಬುಧಾಬಿಯಲ್ಲೇ ಇದ್ದೇನೆ, ಖಾಲಿದಿಯಾದಲ್ಲಿ. ಎಲ್ಲಿದ್ದೀರಿ ಮಾಮ? ಬನ್ನಿ. ಅಮ್ಮ ಬಯ್ಯುವುದಿಲ್ಲ."

ಆಕೆಗೆ ಫೋನ್ ಮಾಡಿ ನಾನು ಯಾರೆಂದು ತಿಳಿಸಿದೆ. ಸುಪ್ರೀತಾ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಹುಡುಗಿ. ಅವಳು ಚಿಕ್ಕವಳಿದ್ದಾಗ ಗಲ್ಫಿಗೆ ಬಂದ ಮಾಮ ಮೊದಲು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫೋನ್ ಮಾಡಿ, ಒಂದು ದಿನ ನಿಲ್ಲಿಸಿಬಿಟ್ಟಿದ್ದರು. ಇಲ್ಲಿ ಕೆಲಸಕ್ಕೆ ಬಂದಂದಿನಿಂದ ಹುಡುಕುತ್ತಿದ್ದಳು. ಡಿಎನ್‌ಎ ಕೊಟ್ಟದ್ದೂ ಅದಕ್ಕಾಗಿಯೇ. ಅಂದೇ ಅವಳು ಊರಿನಲ್ಲಿರುವ ತಾಯಿ ಜಲಜಕ್ಕನನ್ನು ವಿಡಿಯೊ ಕರೆಗೆ ಸೇರಿಸಿಕೊಂಡಳು.

"ಹೇಗಿದ್ದಾನೆ ಅವನು? ಸಪೂರ ಆಗಿದ್ದಾನಾ?" ಎಂಬುದು ಜಲಜಕ್ಕನ ಮೊದಲ ಪ್ರಶ್ನೆ.

ಸಪೂರ ಇದ್ದಾರೆ ಎಂದೆ.

"ಅವನು ಮೊದಲೇ ಸಪೂರ. ನೀವು ಬದುಕಿಸಿದಿರಿ ನನ್ನನ್ನು. ಈ ಸಲ ಎಲೆ ಹಾಕುವುದೋ ಬೇಡವೋ ಅಂತ ಆಗಿತ್ತು."

ಎಲೆಯ ವಿಷಯವನ್ನು ಸುಪ್ರೀತಾ ನನಗೆ ವಿವರಿಸಿದಳು. ಅವರ ಕಡೆ ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಮನೆಯ ತೀರಿಕೊಂಡವರಿಗೆಲ್ಲ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸುತ್ತಾರೆ. ಬದುಕಿರುವವನಿಗೆ ಎಲೆ ಹಾಕಿದರೆ ಸಾವನ್ನು ಕರೆದಂತೆ. ಸತ್ತವನಿಗೆ ಹಾಕದಿದ್ದರೆ ಅವನು ಹಸಿದುಕೊಂಡು ಅಲೆಯುತ್ತಾನೆ. ವರ್ಷಾವರ್ಷ ಅಪ್ಪ, ಅಮ್ಮ, ಗಂಡ ಎಂದು ಎಲೆ ಹಾಕಿ ತಮ್ಮನ ಜಾಗಕ್ಕೆ ಬಂದಾಗ ಜಲಜಕ್ಕನ ಕೈ ನಿಂತುಬಿಡುತ್ತಿತ್ತಂತೆ. ನಾನು ಇದನ್ನು ಒಂದು ಪದ್ಧತಿಯೆಂದು ಕೇಳಿಸಿಕೊಂಡೆ, ಅಷ್ಟೆ.

ನಾನೂ ಸುಪ್ರೀತಾಳೂ ರಜಾದಿನಗಳಲ್ಲಿ ಬನಿಯಾಸ್ ಸುತ್ತಿದೆವು. ಕಾರ್ಮಿಕರ ವಸತಿಗಳು, ಕೆಫೆಟೇರಿಯಾಗಳು, ಕ್ಷೌರದಂಗಡಿಗಳು. ಹಳೆಯ ಫೋಟೊ ನೋಡಿ ಎಲ್ಲರೂ "ಮಾಫಿ" ಎಂದರು, ಅರಬ್ಬಿಯಲ್ಲಿ ಇಲ್ಲ ಎಂದರ್ಥ. ದುಬೈಯ ದೇರಾದಲ್ಲಿ ಮಂಗಳೂರು ಕಡೆಯವರು ಒಂದೊಂದು ಮಂಚ ಬಾಡಿಗೆಗೆ ಹಿಡಿದು ಇರುವ ಕೋಣೆಗಳಲ್ಲೂ ವಿಚಾರಿಸಿದೆವು. ಆ ಫೋಟೊ ಯಾರದೋ ಮದುವೆಯಲ್ಲಿ ತೆಗೆದದ್ದು. ನಾನು ಕಂಡವರು ಇವರೇ ಎಂದು ಆಣೆ ಮಾಡಿ ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ನಸೀಮಾ ಮಾತ್ರ ನೋಡಿದೊಡನೆ "ಇವರೇ, ಅಮಟೆಕಾಯಿ ಅಣ್ಣ" ಎಂದಳು.

ಬೇಸಿಗೆಯ ಹೊತ್ತಿಗೆ ಆ ಖಾತೆಗೆ ಇನ್ನೊಂದು ಸೂಚನೆ ಬಂತು. ಹೊಸ ಹೊಂದಾಣಿಕೆ ಸಿಕ್ಕಿದೆ: ಇದು ನೀವೇ, ಅಥವಾ ನಿಮ್ಮ ಅವಳಿ.

ಹೊಸ ಮಾದರಿಗೆ ಹೆಸರಿರಲಿಲ್ಲ. ಗುರುತು ಸಿಗದೆ ಹೂತ ಶವಗಳ ಡಿಎನ್‌ಎಯನ್ನು ಅನುಮತಿ ಪಡೆದು ಇಂಥ ತಾಣಗಳಿಗೆ ಸೇರಿಸಿ, ಬಂಧುಗಳನ್ನು ಹುಡುಕುವ ಸ್ವಯಂಸೇವಕರ ಒಂದು ತಂಡ ಅದನ್ನು ಸೇರಿಸಿತ್ತು. ಸಂಚಾಲಕಿ ಕೇರಳದ ನಿವೃತ್ತ ನರ್ಸ್. ಅವರಿಗೆ ಫೋನ್ ಮಾಡಿದೆ. ಬನಿಯಾಸಿನಾಚೆ ಮರಳಿನಲ್ಲಿ ಸಿಕ್ಕ ಶವ, ಬಿಸಿಲಿಗೆ ಬಿದ್ದಿರಬೇಕು, ಜೇಬಿನಲ್ಲಿ ಏನೂ ಇರಲಿಲ್ಲ ಎಂದರು. ಯಾವಾಗ ಎಂದು ಕೇಳಿದೆ. ಹಿಂದಿನ ವರ್ಷದ ಬೇಸಿಗೆಯಲ್ಲಿ ಎಂದರು. ನಮ್ಮ ಕೂಟ ನಡೆದದ್ದು ಅದರ ನಂತರದ ಚಳಿಗಾಲದಲ್ಲಿ. ಎಂದರೆ ದಿನಕರ ನನ್ನೆದುರು ಕೂತಿದ್ದಾಗ ಆ ಮನುಷ್ಯ ಮಣ್ಣಿಗೆ ಸೇರಿ ತಿಂಗಳುಗಳೇ ಆಗಿದ್ದವು.

ನಾನು ಮಾಡಿದ್ದು ಒಬ್ಬ ಪತ್ರಕರ್ತ ಮಾಡಬೇಕಾದದ್ದನ್ನೇ. ದಿನಾಂಕ ತಪ್ಪಿರಬಹುದೇ ಎಂದು ಕೇಳಿದೆ. ಶವ ಸಿಕ್ಕ ದಾಖಲೆ, ಹೂತ ದಾಖಲೆ ಎರಡೂ ಒಂದನ್ನೇ ಹೇಳುತ್ತಿದ್ದವು. ಮಾದರಿಗಳು ಅದಲುಬದಲಾಗಿರಬಹುದೆಂದುಕೊಂಡೆ, ಆದರೆ ಶವದ್ದನ್ನು ಓದಿದ ಪ್ರಯೋಗಾಲಯ ಬೇರೆ, ದೇಶ ಬೇರೆ. ನಮ್ಮ ನಳಿಕೆಯಲ್ಲಿ ಉಳಿದಿದ್ದ ಎಂಜಲನ್ನು ಮತ್ತೆ ಓದಿಸಿದೆವು, ಬದಲಾವಣೆ ಇರಲಿಲ್ಲ. ಸೋದರಸಂಬಂಧದಲ್ಲೇ ಮದುವೆಯಾಗುವ ಮನೆತನಗಳಲ್ಲಿ ಹೊಂದಾಣಿಕೆ ಇರುವುದಕ್ಕಿಂತ ಹತ್ತಿರದ್ದಾಗಿ ತೋರುತ್ತದೆ ಎಂದು ಓದಿದ್ದೆ. ಸುಪ್ರೀತಾಳ ಅಪ್ಪ ಅಮ್ಮ ಸೋದರಸಂಬಂಧಿಗಳೇ. ಅದನ್ನು ಹೇಳಿದಾಗ ಸಂಚಾಲಕಿ, ಅದರಿಂದ ಮಾವ ಅಣ್ಣನಂತೆ ಕಾಣಬಹುದು ಸರ್, ಇಬ್ಬರು ಒಬ್ಬರಾಗುವುದಿಲ್ಲ ಎಂದರು.

ಉಳಿದದ್ದು ಅವಳಿ. ಅದನ್ನು ಜಲಜಕ್ಕನನ್ನೇ ಕೇಳಬೇಕಿತ್ತು.

"ಅವನು ಹುಟ್ಟುವಾಗ ನಾನು ಬಿಸಿನೀರು ಕಾಯಿಸಿಕೊಟ್ಟವಳು" ಎಂದರು ಅವರು. "ಹುಟ್ಟಿದ್ದು ಒಂದೇ. ಎರಡಾಗಿದ್ರೆ ನನಗೆ ಕಾಣುವುದಿಲ್ವಾ?"

ನಾನೂ ಸುಪ್ರೀತಾಳೂ ಬನಿಯಾಸಿನ ಸ್ಮಶಾನಕ್ಕೆ ಹೋದೆವು. ಸಾಲಿನಲ್ಲಿ ಒಂದು ಕಲ್ಲು, ಅದರ ಮೇಲೆ ಒಂದು ಸಂಖ್ಯೆ. ಅವಳು ಅಲ್ಲಿಂದಲೇ ತಾಯಿಗೆ ವಿಡಿಯೊ ಕರೆ ಮಾಡಿ ತೋರಿಸಿದಳು. ಜಲಜಕ್ಕ ಅಳಲಿಲ್ಲ. ಮಗಳ ಕೈಯಿಂದ ಫೋನನ್ನು ನನಗೆ ಕೊಡಿಸಿದರು.

"ನೀವು ಸುಳ್ಳು ಹೇಳುವವರಲ್ಲ ಅಂತ ಇವಳು ಹೇಳ್ತಾಳೆ. ನೀವು ಅವನನ್ನು ಕಂಡದ್ದು ಹೌದಾ?"

"ದಿನಕರ ಎಂದು ಹೆಸರು ಹೇಳಿದವರನ್ನು ಕಂಡದ್ದು ಹೌದು ಅಕ್ಕ."

"ಅಲ್ಲಿ ಊಟ ಇತ್ತಂತಲ್ಲ. ಅವನು ಊಟ ಮಾಡಿದ್ನಾ?"

ನೀರುದೋಸೆಯ ಆ ಮಾತನ್ನು ಅಲ್ಲಿಯವರೆಗೆ ನಾನು ಅವರಿಗಾಗಲಿ ಸುಪ್ರೀತಾಳಿಗಾಗಲಿ ಹೇಳಿರಲಿಲ್ಲ. ಮುಖ್ಯವೆಂದು ಅನ್ನಿಸಿರಲಿಲ್ಲ. ಈಗ ದಿನಕರ ಹೇಳಿದಂತೆಯೇ, ಒಂದು ಅಕ್ಷರ ಸೇರಿಸದೆ ಹೇಳಿದೆ. ಜಲಜಕ್ಕ ಪರದೆಯಿಂದ ಸರಿದರು. ಪರದೆಯ ಮೇಲೆ ಅವರ ಅಡುಗೆಮನೆಯ ಗೋಡೆ ಮಾತ್ರ ಕಾಣುತ್ತಿತ್ತು.

ಆ ವರ್ಷದ ಆಟಿಯಲ್ಲಿ ಜಲಜಕ್ಕ ತಾವೇ ನನಗೆ ಫೋನ್ ಮಾಡಿದರು.

"ಹಾಕಿದೆ ಎಲೆ. ನೀರುದೋಸೆ, ಕೋಳಿಸಾರು, ಅಮಟೆಕಾಯಿ ಉಪ್ಪಿನಕಾಯಿ. ಬಡಿಸಿದ ಮೇಲೆ ಬಾಗಿಲು ಎಳೆದುಕೊಂಡು ಹೊರಗೆ ಕೂರ್ಬೇಕು ನಮ್ಮಲ್ಲಿ, ಅವರು ಉಣ್ಣುವ ತನಕ. ಬೇರೆಯವರಿಗೆಲ್ಲ ಸ್ವಲ್ಪ ಹೊತ್ತು ಸಾಕು. ಇವನಿಗೆ ಅರ್ಧ ಗಂಟೆ ಕೂತೆ. ನಿಮ್ಮ ಹತ್ತಿರ ಅಷ್ಟು ಹೊತ್ತು ಕೂತಿದ್ನಲ್ಲ ಪಾಪ, ಬಾಯಿಗೆಂತ ಹಾಕದೆ."

ಆಮೇಲೆ ಇದನ್ನೂ ಸೇರಿಸಿದರು.

"ತಪ್ಪಾ ಸರಿಯಾ ಗೊತ್ತಿಲ್ಲ. ಬದುಕಿದ್ರೆ ಬಂದು ಬಯ್ಯಲಿ ನನಗೆ."

ಈವರೆಗೆ ಯಾರೂ ಬಂದು ಬೈದಿಲ್ಲ. ದೆವ್ವ ಎನ್ನಲು ನನ್ನಿಂದಾಗುವುದಿಲ್ಲ. ನಡುಹಗಲಿನಲ್ಲಿ, ಅಷ್ಟು ಜನರೆದುರು, ಕೆನ್ನೆ ಉಜ್ಜಿಕೊಂಡು ನಳಿಕೆಯೊಂದನ್ನು ಗೆರೆಯವರೆಗೆ ತುಂಬಿಸಿದವರನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ತಾಣದಲ್ಲಿ ಎರಡೂ ಮಾದರಿಗಳು ಹಾಗೆಯೇ ಇವೆ. ಒಳಹೊಕ್ಕಾಗಲೆಲ್ಲ ಅದು ನನ್ನನ್ನು ಕೇಳುತ್ತದೆ, ಇವೆರಡೂ ಒಬ್ಬರದೇ ಇರುವಂತಿದೆ, ಯಾವುದನ್ನು ಉಳಿಸಿಕೊಳ್ಳಲಿ ಎಂದು. ಒಂದೇ ಸುದ್ದಿ ಎರಡು ಸಲ ಬಂದಿದ್ದರೆ ಒಂದನ್ನು ಕಿತ್ತು ಹಾಕುವುದು ನನಗೆ ರೂಢಿಯಾದ ಕೆಲಸ. ಇಲ್ಲಿ ಮಾತ್ರ ಏನನ್ನೂ ಒತ್ತದೆ ಹೊರಬರುತ್ತೇನೆ.