ಕದ್ದ ಟೇಪಿನಲ್ಲಿ ಅತ್ತೆಯ ಕಛೇರಿ

ಹೋದ ವಾರ ನಾನು ದಿಂಡಿಗಲ್‌ಗೆ ಹೋಗಿದ್ದು ಕಳ್ಳಮಾಲೊಂದನ್ನು ನಾಶ ಮಾಡಿಸಲು. ಬ್ಯಾಗಿನಲ್ಲಿ ನಮ್ಮ ಕಡೆಯ ಬೋಡಿ ಊರಿನ ಅರ್ಧ ಕಿಲೋ ಏಲಕ್ಕಿ ಇತ್ತು. ಲಂಚಕ್ಕೆ.

ಕಳ್ಳಮಾಲು ಯಾವುದು ಅಂದಿರಾ? ನಮ್ಮ ಸೋದರತ್ತೆಯ ಹಾಡು.

ಶುರುವಾದದ್ದು ಒಂದು ಫೋನಿನಿಂದ. ದಿಂಡಿಗಲ್‌ನಲ್ಲಿ ಬೀಗದ ಅಂಗಡಿ ಇಟ್ಟಿರುವ, ನಮ್ಮ ಮನೆಯವರಿಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಹೊಟ್ಟೆಪಾಡಿಗೆ ಬೀಗ, ಹುಚ್ಚಿಗೆ ಹಳೆಯ ರೇಡಿಯೋ ಕಛೇರಿಗಳ ಟೇಪು. ನಮ್ಮ ಕಡೆ ಒಂದು ಹಳೆಯ ರೇಡಿಯೋ ನಿಲಯವಿದೆ. ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ ಸ್ಟುಡಿಯೋ ಅದರದು. ಅಲ್ಲಿಂದ ನೇರ ಪ್ರಸಾರವಾಗುತ್ತಿದ್ದ ಕಛೇರಿಗಳನ್ನು ಒಳಗಿನವರೇ ಯಾರೋ ಗುಟ್ಟಾಗಿ ಇನ್ನೊಂದು ಟೇಪಿಗೆ ಇಳಿಸಿಕೊಂಡು ಮನೆಗೆ ಒಯ್ಯುತ್ತಿದ್ದರಂತೆ. ಅದರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು. ಇದಕ್ಕೆ ಬೂಟ್‌ಲೆಗ್ ಎಂದು ಹೆಸರು. (ಕಳ್ಳತನಕ್ಕೂ ಇಂಗ್ಲಿಷಿನಲ್ಲಿ ಎಂಥ ಮರ್ಯಾದೆ ನೋಡಿ!) ನಿಲಯದವರಾದರೋ ಟೇಪು ದುಬಾರಿ ಎಂದು ಅದರ ಮೇಲೆಯೇ ಮುಂದಿನ ವಾರದ ಕೃಷಿ ಕಾರ್ಯಕ್ರಮ ತುಂಬುತ್ತಿದ್ದರು. ಹಾಗಾಗಿ ಕದ್ದದ್ದಷ್ಟೇ ಉಳಿಯಿತು.

ಬೀಗದ ಹಿರಿಯರು ಫೋನಿನಲ್ಲಿ ಕುಣಿಯುತ್ತಿದ್ದರು. ನಿಮ್ಮ ಅತ್ತೆಯ ಕಛೇರಿ ಸಿಕ್ಕಿದೆಯಮ್ಮಾ, ಸ್ಟುಡಿಯೋದಿಂದಲೇ ಇಳಿಸಿದ ಕಾಪಿ, ಭಾನುವಾರ ಇಂಟರ್ನೆಟ್ಟಿಗೆ ಹಾಕುತ್ತೇನೆ, ಲೋಕವೆಲ್ಲ ಕೇಳಲಿ ಎಂದರು.

ನಾನೂ ಕುಣಿಯುತ್ತ ಉತ್ತಮಪಾಳಯಂಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಕೈಯಲ್ಲಿದ್ದ ನುಗ್ಗೆಕಾಯಿ ಕೆಳಗಿಟ್ಟರು.

"ಬ್ಯಾಡ ಕಣ್ಣು. ಅವರ ಕಾಲಿಗಾದ್ರೂ ಬಿದ್ದು ಅದನ್ನ ಅಳಿಸಿ ಬಾ. ಲೋಕ ಕೇಳಿದ್ರೆ ಅಸಿಂಗ ಆಗೋಗ್ತದೆ."

(ಕಣ್ಣು ಎಂದರೆ ನಮ್ಮ ಮನೆಗನ್ನಡದಲ್ಲಿ ಮುದ್ದಿನ ಕರೆ. ಅಸಿಂಗ ಎಂದರೆ ಮಾನ ಹೋಗುವ ಕೆಲಸ. ನಾವು ತೇನಿ ಕಡೆಯ ಕನ್ನಡದವರು, ಎಷ್ಟೋ ತಲೆಮಾರಿನಿಂದ ಇಲ್ಲೇ ಬೇಸಾಯ. ತಮಿಳು ಬೆರೆತ ನಮ್ಮ ಮಾತಿಗೆ ನಿಮಗೆ ನಗು ಬಂದರೆ ಧಾರಾಳವಾಗಿ ನಗಿ.)

ಅತ್ತೆಯ ಭಯಕ್ಕೆ ಕಾರಣವಿತ್ತು. ಅವರು ಮದುವೆಗೆ ಮುಂಚೆ ಆ ಸ್ಟುಡಿಯೋದಲ್ಲಿ ಹಾಡಿದ್ದು ಒಂದೇ ಸಲ. ಆ ಹೊತ್ತಿಗೆ ಮಾರ್ಕಯನ್‌ಕೋಟ್ಟೈನ ನಮ್ಮ ತೋಟದ ಮನೆಯಲ್ಲಿ ಅಪ್ಪ, ಅಂದರೆ ಅತ್ತೆಯ ಅಣ್ಣ, ಬ್ಯಾಟರಿ ರೇಡಿಯೋದ ಮುಂದೆ ಹೊಸ ಟೇಪ್ ರೆಕಾರ್ಡರ್ ಇಟ್ಟು, ಅದರ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ತಂಗಿಯ ಕಛೇರಿಯನ್ನು ರೆಕಾರ್ಡ್ ಮಾಡಿದರು. (ನಮ್ಮದೂ ಬೂಟ್‌ಲೆಗ್ಗೇ!) ಅತ್ತೆ ಊರಿಗೆ ಬಂದು ಆಸೆಯಿಂದ ಕೇಳಿದರು. ಕೊನೆಯ ಹಾಡಿನಲ್ಲಿ ಮೇಲಿನ ಷಡ್ಜ ಹಿಡಿದು ನಿಲ್ಲುವ ಜಾಗ ಬಂತು. ದನಿ ನಿಲ್ಲಲಿಲ್ಲ. ಶ್ರುತಿ ಬಿಟ್ಟು ಮೇಲಕ್ಕೆ ಜಾರಿತು, ಒಂದು ಕ್ಷಣ ಬೇರೆ ಯಾರದೋ ದನಿಯಂತೆ ಕೀಚಲಾಗಿ, ಆಮೇಲೆ ತಿರುಗಿ ಬಂತು.

ಅತ್ತೆ ಅಲ್ಲಿಗೇ ಟೇಪು ನಿಲ್ಲಿಸಿದರು, ಮತ್ತೆ ಮುಟ್ಟಲಿಲ್ಲ. ನಿಲಯದಿಂದ ಮತ್ತೆ ಕರೆ ಬಂದರೂ ಹೋಗಲಿಲ್ಲ. ಊರವರು ಚೆನ್ನಾಗಿತ್ತು ಎಂದರೆ ಮುಖಸ್ತುತಿ ಎಂದುಕೊಂಡರು. ಮಕ್ಕಳಿಗೆ ಪಾಠ ಹೇಳಿಕೊಟ್ಟರು, ಅಷ್ಟೇ. ಅದೂ ವೀಣೆ. ಹಾಡಲಿಲ್ಲ.

"ತಪ್ಪೋದು ದೊಡ್ಡದಲ್ಲ ಕಣ್ಣು," ಎಂದರು ಅತ್ತೆ. "ಅಲ್ಲಿ ಕೂತು ಹಾಡೋವಾಗ ಚೆಂದಾಗಿ ನಿಂತೆ ಅಂತಲೇ ಅಂದ್ಕೊಂಡಿದ್ದೆ. ತಪ್ಪಿದ್ದೇ ತೆರಿಲಿಲ್ಲ, ಗೊತ್ತೇ ಆಗ್ಲಿಲ್ಲ. ನನ್ನ ಕಿವಿಯೇ ಸುಳ್ಳು ಹೇಳ್ತದೆ ಅಂದ್ರೆ ಯಾರನ್ನ ನಂಬಿ ಹಾಡ್ಲಿ?"

ಹೀಗಾಗಿ ಏಲಕ್ಕಿ, ಹೀಗಾಗಿ ದಿಂಡಿಗಲ್.

ಬೀಗದ ಹಿರಿಯರು ನನ್ನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದರು. ಟೇಪುಗಳೆಲ್ಲ ಕಬ್ಬಿಣದ ಬೀರುವಿನಲ್ಲಿದ್ದವು. ಬೀರುವಿಗೆ ಅಂಗಡಿಯಲ್ಲೇ ದೊಡ್ಡದಾದ ಬೀಗ. ಯಾರಾದರೂ ಕದ್ದುಬಿಟ್ಟರೆ ಎಂದು ಅವರಿಗೆ ಸದಾ ಹೆದರಿಕೆಯಂತೆ! ನಾನು ಬಂದ ಕಾರಣ ಹೇಳಿದೆ. ಅಳಿಸಬೇಕೇ ಎಂದು ಅವರ ಮುಖ ಬಿಳಿಚಿಕೊಂಡಿತು. ಏಲಕ್ಕಿಯನ್ನು ಮೂಸಿ ಪಕ್ಕಕ್ಕಿಟ್ಟರು. ಮೊದಲು ಕೇಳಮ್ಮಾ, ಆಮೇಲೂ ಬೇಡವೆಂದರೆ ನನ್ನ ಕೈಯಾರೆ ಅಳಿಸುತ್ತೇನೆ ಎಂದು ಹೆಡ್‌ಫೋನ್ ಕೊಟ್ಟರು.

ಕೇಳಿದೆ. ನಮ್ಮ ನೆಗಡಿಗೆ ಮದ್ದು ಅರೆಯುವ ಅತ್ತೆ ಇವರೇನಾ? ಕೊನೆಯ ಹಾಡು ಬಂತು. ದನಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲಿನ ಷಡ್ಜಕ್ಕೆ ಬಂತು. ನಿಂತಿತು. ಅಲುಗದೆ, ಜಾರದೆ, ಉಸಿರು ಮುಗಿಯುವ ತನಕ ನಿಂತಿತು.

ಇನ್ನೊಂದು ಸಲ ಹಾಕಿಸಿಕೊಂಡೆ. ಮತ್ತೂ ನಿಂತಿತು. ನಾನು ಬೀಗಗಳ ನಡುವೆ ಕೂತು ಅತ್ತುಬಿಟ್ಟೆ. ಹಿರಿಯರು ಪಾಪ, ಗಾಬರಿಯಾಗಿ ಸೋಡಾ ತರಿಸಿದರು.

ಹಾಗಾದರೆ ಮನೆಯ ಟೇಪಿನಲ್ಲಿ ಜಾರಿದ್ದು ಯಾರು?

ಅಪ್ಪನಿಗೆ ಫೋನ್ ಮಾಡಿ, ಆ ಕ್ಯಾಸೆಟ್ ಹುಡುಕಿಕೊಂಡು ಅತ್ತೆಯ ಮನೆಗೆ ಬನ್ನಿ ಎಂದೆ. ಮಾರನೆಯ ದಿನ ಮೂವರೂ ಕೂತೆವು. ಮೊದಲು ಮನೆಯ ಕ್ಯಾಸೆಟ್. ಅತ್ತೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೇಳಿದರು. ಮೇಲಿನ ಷಡ್ಜ ಬಂತು, ದನಿ ಜಾರಿತು. ಅತ್ತೆ ಕಣ್ಣು ಮುಚ್ಚಿದರು. ಆದರೆ ಅದೇ ಹೊತ್ತಿಗೆ ಹಾಡಿನ ಹಿಂದೆ, ದೂರದಲ್ಲಿ, ಗುಂಯ್ ಎಂದು ಏನೋ ಶುರುವಾದದ್ದು ಕೇಳಿಸಿತು. ಅದರ ಬೆನ್ನಿಗೇ ಒಂದು ಗಂಟಲು: "ಕರೆಂಟ್ ಬಂತು! ಓಡಿ, ಓಡಿ! ನೀರು ತಿರುವಿ!"

ಅಪ್ಪನ ಗಂಟಲು!

ನೀರಾವರಿ ಗೊತ್ತಿಲ್ಲದವರಿಗೆ ಒಂದು ಮಾತು. ಮನೆಯ ಕರೆಂಟು ಬೇರೆ, ತೋಟದ ಮೋಟಾರಿನ ತ್ರೀ ಫೇಸ್ ಬೇರೆ. ಅದು ಬರುವುದೇ ಅಪರೂಪ. ಬಂದಾಗ ತಾನೇ ಓಡಲಿ ಎಂದು ಎಲ್ಲರೂ ಮೋಟಾರಿನ ಸ್ವಿಚ್ಚನ್ನು ಆಟೋದಲ್ಲಿ ಇಟ್ಟಿರುತ್ತಾರೆ. ಅವತ್ತು ಅತ್ತೆ ಮೇಲಿನ ಷಡ್ಜಕ್ಕೆ ಬಂದ ಹೊತ್ತಿಗೇ ತ್ರೀ ಫೇಸ್ ಬಂದಿದೆ. ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಎದ್ದಿವೆ. ಮನೆಯ ವೋಲ್ಟೇಜು ಕುಸಿದು ಟೇಪ್ ನಿಧಾನವಾಗಿದೆ. ನಿಧಾನವಾಗಿ ತುಂಬಿಕೊಂಡದ್ದು ಆಮೇಲೆ ಹಾಕಿದಾಗ ಬೇಗ ಓಡಿ ಕೀಚಲಾಗಿದೆ. ದನಿಯಷ್ಟೇ ಅಲ್ಲ, ಕಿವಿಯಿಟ್ಟು ಕೇಳಿದರೆ ಪಿಟೀಲೂ ಜೊತೆಗೇ ಜಾರಿದೆ. ನಿಜವಾದ ಹಾಡು ಬ್ಯಾಟರಿ ರೇಡಿಯೋದಲ್ಲಿ ಸರಿಯಾಗಿಯೇ ಬರುತ್ತಿತ್ತು. ಆದರೆ ಕೇಳಲು ಮನೆಯಲ್ಲಿ ಯಾರಿದ್ದರು? ಎಲ್ಲರೂ ಗುದ್ದಲಿ ಹಿಡಿದು ಬಾಳೆತೋಟಕ್ಕೆ ಓಡಿದ್ದರು.

ಒಂದು ಕೆಟ್ಟ ಕಾಪಿ ಕೇಳಿ ನಾವು ನಮ್ಮ ಬಗ್ಗೆ ಏನೆಲ್ಲ ನಂಬಿಬಿಡುತ್ತೇವೆ, ಅಲ್ಲವಾ? ಟೀಚರ್ ಅಂದಿದ್ದು, ನೆಂಟರು ಅಂದಿದ್ದು, ಗ್ರೂಪ್ ಫೋಟೋದಲ್ಲಿ ಕಂಡದ್ದು. ಮೆಷಿನ್ ಸರಿಯಿತ್ತಾ ಎಂದು ಕೇಳುವುದೇ ಇಲ್ಲ.

ಆಮೇಲೆ ಬೀಗದ ಹಿರಿಯರಿಂದ ತಂದಿದ್ದ ಸ್ಟುಡಿಯೋ ಕಾಪಿ ಹಾಕಿದೆ. ಷಡ್ಜ ನಿಂತಿತು. ಅತ್ತೆ ಸೆರಗು ಬಿಟ್ಟರು. ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗೆ ಒಂದು ಉಸಿರು ಬಿಟ್ಟು, "ಅಪ್ಪಾಡಾ!" ಎಂದರು. ನನಗೂ ಅಷ್ಟೇ ಹಗುರವಾಯಿತು. ಹಾಡು ಅಳಿಸುವುದು ಬೇಡ, ಭಾನುವಾರ ಹಾಕಲಿ ಎಂದು ಅತ್ತೆಯೇ ಹೇಳಿದರು.

ಅಪ್ಪ ಮಾತ್ರ ತಲೆ ತಗ್ಗಿಸಿ ಕೂತಿದ್ದರು. "ಮೋಟಾರು ಆಟೋದಾಗ ಇಟ್ಟಿದ್ದು ನಾನೇ ತಾಯಿ," ಎಂದರು ತಂಗಿಗೆ, ಮೆಲ್ಲಗೆ.

ಅತ್ತೆ ನುಗ್ಗೆಕಾಯಿಯ ಮೊರವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು ಕೇಳಿದರು:

"ಪೋಗಟ್ಟುಮ್ ಅಣ್ಣಾ, ಹೋಗ್ಲಿ ಬಿಡು. ಆ ವರ್ಸ ಬಾಳೆಯಾದ್ರೂ ಚೆಂದಾಗಿ ಬಂತಾ?"